ಮತ್ತೆ ಗೆದ್ದ ಸರ್ಕಾರದ ಮಾತನ್ನು ಓದುವ ಬಗೆ

2024ರ ಜೂನ್ 18ರ ಸಂಜೆ ನಾನು ಪಾಂಡವಪುರದ ಹತ್ತಿರದ ನಮ್ಮೂರಿನ ಆಲೆಮನೆಯಲ್ಲಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಮೇಲೆದ್ದ ಕೊಳೆ ನೊರೆಯನ್ನು ಚಿಕ್ಕಪ್ಪ ಉದ್ದ ಹಿಡಿಯ ಜಾಲರಿಯಿಂದ ಎತ್ತಿ ಪಕ್ಕದ ಡಬ್ಬಕ್ಕೆ ಸುರಿಯುತ್ತಿದ್ದರು. ಅವರ ಜೇಬಿನಲ್ಲಿದ್ದ ಮೊಬೈಲ್ ಸದ್ದು ಮಾಡಿತು. ಎರಡೂ ಕೈ ಅಂಟಾಗಿದ್ದರಿಂದ, ‘ನೀನೇ ನೋಡಪ್ಪ’ ಎಂದು ನನ್ನತ್ತ ತಿರುಗಿದರು. ಕಿಸಾನ್ ಸಮ್ಮಾನ್ ಯೋಜನೆಯ 17ನೇ ಕಂತು, 2,000 ರೂಪಾಯಿ, ಖಾತೆಗೆ ಬಂದಿತ್ತು.

‘ಅದೇ ಸರ್ಕಾರ, ಅದೇ ಎರಡು ಸಾವಿರ’ ಎಂದರು ಚಿಕ್ಕಪ್ಪ. ‘ಹೊಸಬರು ಬಂದರೆ ಏನು ಮಾಡುತ್ತೀರಿ ಎಂದು ಕೇಳಬಹುದು. ಇದ್ದವರೇ ಮತ್ತೆ ಬಂದರೆ ಕೇಳುವುದೇನನ್ನು?’

ಮಂಡ್ಯದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವ ನನಗೆ ಆ ಪ್ರಶ್ನೆ ಮನೆಯವರೆಗೂ ಜೊತೆಯಲ್ಲಿ ಬಂತು. ಇದ್ದವರೇ ಮತ್ತೆ ಬಂದಾಗಲೇ ಹೆಚ್ಚು ಕೇಳಬೇಕು ಎಂದು ನನಗೆ ಅನ್ನಿಸುತ್ತದೆ. ಹೊಸ ಸರ್ಕಾರದ ಮಾತನ್ನು ನಂಬಬಹುದು ಅಥವಾ ನಂಬದೆ ಕಾಯಬಹುದು, ಬೇರೆ ದಾರಿಯಿಲ್ಲ. ಮತ್ತೆ ಗೆದ್ದ ಸರ್ಕಾರಕ್ಕೆ ಹಳೆಯ ಮಾತಿದೆ, ಹಳೆಯ ಲೆಕ್ಕವಿದೆ. ಅದರ ಇಂದಿನ ಮಾತನ್ನು ಅದರದೇ ನಿನ್ನೆಯ ಮಾತಿನ ಪಕ್ಕದಲ್ಲಿಟ್ಟು ಓದಬಹುದು. ‘ಹಿಂದಿನವರು ಹಾಳು ಮಾಡಿಟ್ಟು ಹೋದರು’ ಎನ್ನುವ ನೆಪವೂ ಅದಕ್ಕಿಲ್ಲ.

ಕರ್ನಾಟಕದವರಾದ ನಮಗೆ ಈ ಓದಿನ ಅಭ್ಯಾಸ ತಪ್ಪಿಹೋಗಿದೆ. ವಿಧಾನಸಭೆಯಲ್ಲಿ ಆಡಳಿತ ಪಕ್ಷವೊಂದು ಮತ್ತೆ ಗೆದ್ದು ಬಹುಮತದೊಂದಿಗೆ ಬಂದದ್ದು ಕೊನೆಯ ಸಲ 1985ರಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಕಾಲದಲ್ಲಿ. ಆ ಮೇಲೆ ಪ್ರತಿ ಚುನಾವಣೆಯಲ್ಲೂ ಆಡಳಿತ ಪಕ್ಷಕ್ಕೆ ಬಹುಮತ ತಪ್ಪಿದೆ. ಇಂದು ನಲವತ್ತರೊಳಗಿರುವವರು ಮತ್ತೆ ಗೆದ್ದು ಬಂದ ರಾಜ್ಯ ಸರ್ಕಾರವನ್ನು ಕಂಡೇ ಇಲ್ಲ. ದೆಹಲಿಯಲ್ಲಿ ಹಾಗಲ್ಲ. 2009, 2019, 2024, ಹೀಗೆ ಈ ಶತಮಾನದಲ್ಲೇ ಮೂರು ಸಲ ಇದ್ದವರು ಹಿಂದಿರುಗಿದ್ದಾರೆ. ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ಮೊದಲ ಸಹಿ, ಮೊದಲ ಭಾಷಣ

ಚಿಕ್ಕಪ್ಪನ ಎರಡು ಸಾವಿರದಿಂದಲೇ ಶುರು ಮಾಡೋಣ. ಈ ಯೋಜನೆ ಆರಂಭವಾದದ್ದು 2019ರ ಫೆಬ್ರುವರಿಯಲ್ಲಿ. ಆಗ ಎರಡು ಹೆಕ್ಟೇರ್‌ವರೆಗೆ ಜಮೀನಿದ್ದವರಿಗೆ ಮಾತ್ರ ವರ್ಷಕ್ಕೆ 6,000 ರೂಪಾಯಿ. ಅದೇ ವರ್ಷ ನರೇಂದ್ರ ಮೋದಿಯವರ ಸರ್ಕಾರ ಮತ್ತೆ ಗೆದ್ದಿತು. ಬಿಜೆಪಿಯೊಂದಕ್ಕೇ 303 ಸ್ಥಾನ ಬಂದವು. ಮೇ 31ರ ಮೊದಲ ಸಂಪುಟ ಸಭೆ ಜಮೀನಿನ ಆ ಮಿತಿಯನ್ನು ತೆಗೆದುಹಾಕಿತು. 2024ರಲ್ಲಿ ಪಕ್ಷಕ್ಕೆ 240 ಸ್ಥಾನ, ಮಿತ್ರಪಕ್ಷಗಳೂ ಸೇರಿ 293. ಜೂನ್ 10ರಂದು ಪ್ರಧಾನಿ ಸಹಿ ಮಾಡಿದ ಮೊದಲ ಕಡತ ಇದೇ ಯೋಜನೆಯದು. ಆದರೆ ಈ ಸಲ ವಿಸ್ತರಣೆಯಿಲ್ಲ, ಮೊತ್ತದಲ್ಲಿ ಏರಿಕೆಯೂ ಇಲ್ಲ. ಬರಬೇಕಾಗಿದ್ದ ಕಂತಿಗೇ ಒಪ್ಪಿಗೆ ಸಿಕ್ಕಿತು. ಮೊದಲ ಸಹಿ 2019ರಲ್ಲಿ ‘ಇನ್ನೂ ಮುಂದೆ ಹೋಗುತ್ತೇವೆ’ ಎಂದಿತ್ತು, 2024ರಲ್ಲಿ ‘ಇದ್ದದ್ದನ್ನು ಬಿಡುವುದಿಲ್ಲ’ ಎಂದಿತು. ಕೊಪ್ಪರಿಗೆಯ ಮುಂದೆ ನಿಂತಿದ್ದವರಿಗೆ ಎರಡನೆಯದು ಸರಿಯಾಗಿಯೇ ಕೇಳಿಸಿತ್ತು.

ಸಹಿಯ ಬೆನ್ನಿಗೇ ಭಾಷಣ. ಸಂವಿಧಾನದ 87ನೇ ವಿಧಿಯ ಪ್ರಕಾರ ಪ್ರತಿ ಲೋಕಸಭಾ ಚುನಾವಣೆಯ ನಂತರದ ಮೊದಲ ಅಧಿವೇಶನದಲ್ಲಿ ರಾಷ್ಟ್ರಪತಿ ಎರಡೂ ಸದನಗಳನ್ನು ಉದ್ದೇಶಿಸಿ ಮಾತನಾಡಬೇಕು. ರಾಜ್ಯದಲ್ಲಿ ಇದೇ ಕೆಲಸವನ್ನು 176ನೇ ವಿಧಿ ರಾಜ್ಯಪಾಲರಿಗೆ ವಹಿಸುತ್ತದೆ. ಓದುವವರು ಅವರು, ಬರೆಯುವುದು ಸಚಿವ ಸಂಪುಟ. ‘ನನ್ನ ಸರ್ಕಾರ’ ಎಂಬ ಮಾತು ಆ ಭಾಷಣದಲ್ಲಿ ಮತ್ತೆ ಮತ್ತೆ ಬರುವುದು ಅದಕ್ಕೇ. ಅವಧಿಯ ಪೂರ್ತಿ ಏನನ್ನು ಮಾಡಬೇಕೆಂದಿದ್ದೇವೆ ಎಂದು ಸರ್ಕಾರ ಸಂಸತ್ತಿಗೆ ಅಧಿಕೃತವಾಗಿ ಹೇಳುವ ಮೊದಲ ದಾಖಲೆ ಇದು. ಪತ್ರಿಕೆಗಳಲ್ಲಿ ಮರುದಿನ ಒಂದು ಕಾಲಂ ಬಂದು ಮರೆತುಹೋಗುತ್ತದೆ ಎನ್ನುವುದೇ ನನ್ನ ಸಂಕಟ. ಅದನ್ನು ಕತ್ತರಿಸಿಟ್ಟುಕೊಂಡರೆ ಐದು ವರ್ಷ ಉಪಯೋಗಕ್ಕೆ ಬರುತ್ತದೆ.

2009ರ ಜೂನ್ 4ರಂದು ಪ್ರತಿಭಾ ಪಾಟೀಲರು ಓದಿದ ಭಾಷಣವನ್ನೇ ನೋಡಿ. ಮನಮೋಹನ್ ಸಿಂಗ್ ಅವರ ಸರ್ಕಾರ ಮತ್ತೆ ಗೆದ್ದಿತ್ತು. ನೂರು ದಿನಗಳಲ್ಲಿ ಮಾಡುವ ಕೆಲಸಗಳ ಪಟ್ಟಿಯೇ ಅದರಲ್ಲಿತ್ತು. ಮಹಿಳಾ ಮೀಸಲಾತಿ ಮಸೂದೆ ಆ ಪಟ್ಟಿಯಲ್ಲಿತ್ತು. ಬಡವರಿಗೆ ಆಹಾರವನ್ನು ಕಾನೂನಿನ ಹಕ್ಕಾಗಿಸುವ ಮಾತೂ ಭಾಷಣದಲ್ಲಿತ್ತು. ಮಹಿಳಾ ಮಸೂದೆ 2010ರ ಮಾರ್ಚ್ 9ರಂದು ರಾಜ್ಯಸಭೆಯನ್ನು ದಾಟಿತು, ಲೋಕಸಭೆಯನ್ನು ದಾಟಲೇ ಇಲ್ಲ. ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ, ಮುಂದಿನ ಚುನಾವಣೆ ಬಾಗಿಲಿಗೆ ಬಂದಾಗ. ಭಾಷಣದಲ್ಲೇ ಇದ್ದ ಶಿಕ್ಷಣ ಹಕ್ಕು ಕಾಯ್ದೆ ಮಾತ್ರ 2009ರ ಆಗಸ್ಟ್‌ನಲ್ಲೇ ಅಂಗೀಕಾರವಾಯಿತು. ಒಂದೇ ಸರ್ಕಾರ, ಮೂರು ವಿಷಯ. ಒಂದು ಎರಡು ತಿಂಗಳಲ್ಲಿ, ಒಂದು ನಾಲ್ಕು ವರ್ಷಗಳಲ್ಲಿ, ಇನ್ನೊಂದು ಆಗಲೇ ಇಲ್ಲ. ಭಾಷಣ ಓದಿದ ದಿನ ಮೂರೂ ಒಂದೇ ದನಿಯಲ್ಲಿ ಕೇಳಿಸಿದ್ದವು.

ಅಳಿದುಹೋದ ಮಸೂದೆಗಳು

ಸರ್ಕಾರದ ಮನಸ್ಸು ಅದು ಬೇಡವೆಂದರೂ ಬಯಲಾಗುವ ಒಂದು ಜಾಗವಿದೆ. ಲೋಕಸಭೆ ವಿಸರ್ಜನೆಯಾದಾಗ ಅಲ್ಲಿ ಬಾಕಿಯಿರುವ ಮಸೂದೆಗಳೆಲ್ಲ ರದ್ದಾಗುತ್ತವೆ. ಲೋಕಸಭೆ ಒಪ್ಪಿ ರಾಜ್ಯಸಭೆಯಲ್ಲಿ ನಿಂತಿರುವುವೂ ರದ್ದಾಗುತ್ತವೆ. ಅದೇ ಪಕ್ಷ, ಅದೇ ಪ್ರಧಾನಿ ಮರುದಿನವೇ ಹಿಂದಿರುಗಿದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಮಸೂದೆಯನ್ನು ಮೊದಲಿನಿಂದ ಮಂಡಿಸಬೇಕು. ಹಾಗಾಗಿ ಮತ್ತೆ ಗೆದ್ದ ಸರ್ಕಾರದ ಮುಂದೆ ಅದರದೇ ಹಳೆಯ ಮಸೂದೆಗಳ ರಾಶಿಯೊಂದು ಬಿದ್ದಿರುತ್ತದೆ. ಅದರಿಂದ ಯಾವುದನ್ನು ಮೊದಲು ಎತ್ತಿಕೊಂಡಿತು, ಯಾವುದನ್ನು ತಿದ್ದಿ ತಂದಿತು, ಯಾವುದನ್ನು ಅಲ್ಲೇ ಬಿಟ್ಟಿತು ಎಂದು ನೋಡಿದರೆ ಆದ್ಯತೆಯ ಪಟ್ಟಿ ತಾನಾಗಿಯೇ ಸಿಗುತ್ತದೆ.

2019ರ ಮೇನಲ್ಲಿ ತ್ರಿವಳಿ ತಲಾಖ್ ಮಸೂದೆ ಹೀಗೆ ರದ್ದಾಯಿತು. ಜೂನ್ 21ರಂದು ಹೊಸ ಲೋಕಸಭೆಯಲ್ಲಿ ಮಂಡನೆಯಾದ ಮೊದಲ ಮಸೂದೆ ಅದೇ. ಜುಲೈ ಮುಗಿಯುವ ಹೊತ್ತಿಗೆ ಎರಡೂ ಸದನಗಳು ಒಪ್ಪಿದ್ದವು. ಪೌರತ್ವ ತಿದ್ದುಪಡಿ ಮಸೂದೆಯೂ ಅದೇ ಹಾದಿಯಲ್ಲಿ ರದ್ದಾಗಿ, ಡಿಸೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂದು, 11ರಂದು ಸಂಸತ್ತಿನ ಅಂಗೀಕಾರ ಪಡೆಯಿತು. ಈ ಕಾನೂನುಗಳನ್ನು ಒಪ್ಪುವವರೂ ಒಪ್ಪದವರೂ ಈ ವೇಗವನ್ನು ಗುರುತಿಸಬಹುದು. ಬೆಲೆ ಏರಿಕೆಯನ್ನೋ ಉದ್ಯೋಗವನ್ನೋ ನೆನೆದು ಮತ ಹಾಕಿದವರಿಗೆ, ಆ ಗೆಲುವನ್ನು ಗೆದ್ದವರು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂದು ತಿಳಿಯುವುದು ಇಂಥಲ್ಲಿ.

ಹೊಸ ಖಾತೆಗಳೂ ಇದೇ ಬಗೆಯ ಗುರುತು. 2019ರಲ್ಲಿ ಜಲಸಂಪನ್ಮೂಲ ಮತ್ತು ಕುಡಿಯುವ ನೀರಿನ ಸಚಿವಾಲಯಗಳನ್ನು ಸೇರಿಸಿ ಜಲಶಕ್ತಿ ಸಚಿವಾಲಯ ಮಾಡಿದರು. ಅದೇ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾಯಿತು. 2024ರೊಳಗೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಎಂಬುದು ಗುರಿ. ಈ ಯೋಜನೆಯ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಜೆಟ್ಟಿನ ನಾಲ್ಕು ಕಾಲಂ

2024ರ ಜುಲೈ 23ರಂದು ನಿರ್ಮಲಾ ಸೀತಾರಾಮನ್ ಮಂಡಿಸಿದ ಬಜೆಟ್ ಒಂಬತ್ತು ಆದ್ಯತೆಗಳನ್ನು ಹೆಸರಿಸಿತು. ಕೃಷಿಯ ಉತ್ಪಾದಕತೆ, ಉದ್ಯೋಗ ಮತ್ತು ಕೌಶಲ, ಮಾನವ ಸಂಪನ್ಮೂಲ ಮತ್ತು ಸಾಮಾಜಿಕ ನ್ಯಾಯ, ತಯಾರಿಕೆ ಮತ್ತು ಸೇವೆ, ನಗರಾಭಿವೃದ್ಧಿ, ಇಂಧನ ಭದ್ರತೆ, ಮೂಲಸೌಕರ್ಯ, ಸಂಶೋಧನೆ, ಮುಂದಿನ ಪೀಳಿಗೆಯ ಸುಧಾರಣೆಗಳು. ಕೃಷಿ ಮೊದಲನೆಯದು, ಮೂಲಸೌಕರ್ಯ ಏಳನೆಯದು. ಆದರೆ ಹಣದ ಸಾಲು ಬೇರೆ. ಕೃಷಿ ಮತ್ತು ಸಂಬಂಧಿತ ವಲಯಗಳಿಗೆ 1.52 ಲಕ್ಷ ಕೋಟಿ ರೂಪಾಯಿ. ರಸ್ತೆ, ರೈಲು ಮೊದಲಾದ ಬಂಡವಾಳ ವೆಚ್ಚಕ್ಕೆ 11.11 ಲಕ್ಷ ಕೋಟಿ.

ಫೆಬ್ರುವರಿ 1ರಂದು, ಚುನಾವಣೆಗೆ ಮುನ್ನ, ಇದೇ ಸಚಿವೆ ಮಧ್ಯಂತರ ಬಜೆಟ್ ಮಂಡಿಸಿದ್ದರು. ಆಗಲೂ ಬಂಡವಾಳ ವೆಚ್ಚ 11.11 ಲಕ್ಷ ಕೋಟಿಯೇ. ನಡುವೆ ಒಂದು ಜನಾದೇಶ ಬಂದು ಹೋದರೂ ಆ ಅಂಕಿ ಕದಲಲಿಲ್ಲ. ಒಂದು ಸರ್ಕಾರದ ಗಟ್ಟಿ ನಂಬಿಕೆ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಇಂಥ ಕದಲದ ಅಂಕಿಯನ್ನೇ. ಕದಲಿದವು ಬೇರೆ. ಜುಲೈನಲ್ಲಿ ಉದ್ಯೋಗಕ್ಕೆಂದು ಐದು ಯೋಜನೆಗಳ ಕಟ್ಟು ಬಂತು. ಐದು ವರ್ಷಗಳಿಗೆ 2 ಲಕ್ಷ ಕೋಟಿ, 4.1 ಕೋಟಿ ಯುವಜನರಿಗಾಗಿ. ಆಂಧ್ರದ ಅಮರಾವತಿಗೆ ಆ ವರ್ಷ 15,000 ಕೋಟಿ ಒದಗಿಸುವ ಮಾತು ಬಂತು. ಬಿಹಾರದ ರಸ್ತೆಗಳಿಗೆ 26,000 ಕೋಟಿ ಬಂತು. ಆ ಎರಡೂ ರಾಜ್ಯಗಳ ಪಕ್ಷಗಳ ಬೆಂಬಲವಿಲ್ಲದೆ ಬಹುಮತದ 272 ಮುಟ್ಟುವಂತಿರಲಿಲ್ಲ. 2019ಕ್ಕಿಂತ ಕಡಿಮೆಯಾದ 63 ಸ್ಥಾನಗಳು ಬಜೆಟ್ಟಿನಲ್ಲಿ ಹೀಗೆ ಕಾಣಿಸಿಕೊಂಡವು. ಮಂಡ್ಯದಿಂದ ಗೆದ್ದ ಎಚ್‌.ಡಿ. ಕುಮಾರಸ್ವಾಮಿಯವರಿಗೆ ಬೃಹತ್ ಕೈಗಾರಿಕೆ ಮತ್ತು ಉಕ್ಕು ಖಾತೆ ದೊರೆತದ್ದೂ ಮೈತ್ರಿಯ ಲೆಕ್ಕದಲ್ಲಿಯೇ.

ಬಜೆಟ್ ದಾಖಲೆಯಲ್ಲಿ ಪ್ರತಿ ಯೋಜನೆಯ ಎದುರಿಗೂ ನಾಲ್ಕು ಕಾಲಂ ಇರುತ್ತವೆ. ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದದ್ದು, ಕಳೆದ ವರ್ಷ ಖರ್ಚು ಮಾಡುತ್ತೇವೆ ಎಂದದ್ದು, ಅದನ್ನೇ ತಿದ್ದಿ ‘ಇಷ್ಟು ಆಗಬಹುದು’ ಎಂದದ್ದು, ಬರುವ ವರ್ಷಕ್ಕೆ ಹೇಳುತ್ತಿರುವುದು. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು ಎನ್ನುವ ಪದಗಳು ಇವೇ. ಹೊಸ ಸರ್ಕಾರದ ಮೊದಲ ಬಜೆಟ್ಟಿನಲ್ಲಿ ಮೊದಲ ಕಾಲಂಗಳೆಲ್ಲ ಬೇರೆಯವರದು, ಕೊನೆಯದು ಮಾತ್ರ ಅದರದು. ಮತ್ತೆ ಗೆದ್ದ ಸರ್ಕಾರಕ್ಕೆ ನಾಲ್ಕೂ ಅದರವೇ. ಹಾಗಾಗಿ ಸುದ್ದಿಯಲ್ಲಿ ಬರುವ ನಾಲ್ಕನೆಯ ಕಾಲಮ್ಮಿಗಿಂತ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ಮೊದಲು ನೋಡಬೇಕು.

ಜಲಜೀವನ್ ಮಿಷನ್‌ಗೆ 2024–25ರಲ್ಲಿ ಇಟ್ಟದ್ದು ಸುಮಾರು 70,000 ಕೋಟಿ. ಮುಂದಿನ ಫೆಬ್ರುವರಿಯ ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿದಿತ್ತು. ಗುರಿಯ ವರ್ಷ 2024ರಿಂದ 2028ಕ್ಕೆ ಹೋಯಿತು. ಜುಲೈನ ಐದು ಯೋಜನೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ದೊಡ್ಡ ಕಂಪನಿಗಳಲ್ಲಿ ತಿಂಗಳಿಗೆ 5,000 ರೂಪಾಯಿಯ ಇಂಟರ್ನ್‌ಶಿಪ್. ಅದಕ್ಕಿಟ್ಟ 2,000 ಕೋಟಿ ಪರಿಷ್ಕೃತ ಅಂದಾಜಿನಲ್ಲಿ 380 ಕೋಟಿಯಾಯಿತು. ಇವುಗಳನ್ನು ತೋರಿಸಿ ‘ಸುಳ್ಳು ಹೇಳಿದರು’ ಎಂದುಬಿಡುವುದು ಸುಲಭ, ಅದು ನ್ಯಾಯವಲ್ಲ. ಹೊಸ ಯೋಜನೆ ನಿಧಾನವಾಗಿ ಏಳುತ್ತದೆ, ರಾಜ್ಯಗಳ ಪಾಲಿನ ಕೆಲಸ ತಡವಾಗುತ್ತದೆ. ಆದರೆ ಯಾವ ಕೆಲಸ ತಡೆದುಕೊಳ್ಳಬಲ್ಲದು, ಯಾವುದು ತಡೆದುಕೊಳ್ಳಲಾರದು ಎಂಬ ತೀರ್ಮಾನವನ್ನು ಯಾರೋ ಒಬ್ಬರು ಮಾಡಿಯೇ ಇರುತ್ತಾರೆ. ಕೊಡ ಹಿಡಿದು ಬೀದಿ ನಲ್ಲಿಯ ಮುಂದೆ ನಿಂತ ಹೆಣ್ಣುಮಕ್ಕಳು ಇನ್ನೂ ನಾಲ್ಕು ವರ್ಷ ಕಾಯಬಹುದು ಎಂದಾದರೆ, ಅದಕ್ಕೆ ಕಾರಣ ಕೇಳುವ ಹಕ್ಕು ಅವರಿಗಿದೆ.

ಆದ್ಯತೆ ಬೇರೆ, ಮೌಲ್ಯ ಬೇರೆ

ಆದ್ಯತೆ ಎಂದರೆ ಯಾವುದು ಮೊದಲು ಎನ್ನುವ ಸರದಿ. ಸರದಿ ಬದಲಾಗಬಹುದು, ಬದಲಾಗಲೂ ಬೇಕು. ಮೌಲ್ಯ ಎಂದರೆ ತನಗೆ ನಷ್ಟವಾದರೂ ಬಿಟ್ಟುಕೊಡದೆ ಉಳಿಸಿಕೊಳ್ಳುವ ಮಾತು. ಆ ನಷ್ಟ ಕಾಣುವವರೆಗೆ ಸರ್ಕಾರದ ಮೌಲ್ಯದ ಬಗ್ಗೆ ನಾವು ಏನನ್ನೂ ಖಚಿತವಾಗಿ ಹೇಳಲಾಗದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಾನು ಪಾಠದಲ್ಲಿ ಕೊಡುವ ಉದಾಹರಣೆ ನಮ್ಮ ಸೀಮೆಯದೇ.

ಹೆಗಡೆಯವರ ಮೊದಲ ಸರ್ಕಾರ 1983ರದು. ಬೇರೆ ಪಕ್ಷಗಳ ಬೆಂಬಲದ ಮೇಲೆ ನಿಂತಿದ್ದ ಅಲ್ಪಮತದ ಸರ್ಕಾರ. ಆ ಕಾಲದಲ್ಲೇ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಮಸೂದೆ ಸಿದ್ಧವಾಯಿತು. ಅದನ್ನು ಹೆಗಲಿಗೆ ಹಾಕಿಕೊಂಡವರು ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್, ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಗುಂಡ್ಲುಪೇಟೆಯವರು. ಬರದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ಬರೀ 4 ಸ್ಥಾನ ಬಂದಾಗ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ 139 ಸ್ಥಾನ ಬಂದವು.

ಈಗ ಸ್ವಂತ ಬಹುಮತವಿದೆ, ಯಾರ ಹಂಗೂ ಇಲ್ಲ. ಜಿಲ್ಲೆಗಳಿಗೆ ಅಧಿಕಾರ ಹಂಚುವ ಮಾತನ್ನು ಮರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಶಾಸಕರಿಗೆ ಅದು ಬೇಕಿರಲಿಲ್ಲ. ವರ್ಗಾವಣೆ, ಕಾಮಗಾರಿ, ಬಾವಿ, ಶಾಲೆ ಎಲ್ಲವೂ ಅವರ ಕೈತಪ್ಪಿ ಹೋಗುವಂಥ ಕಾನೂನು ಅದು. ಆದರೂ ರಾಷ್ಟ್ರಪತಿಯವರ ಅಂಕಿತ ಬಂದ ಮೇಲೆ ಕಾಯ್ದೆ ಜಾರಿಯಾಯಿತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹೆಣ್ಣುಮಕ್ಕಳಿಗೆ ಶೇ 25ರ ಮೀಸಲು. ದೇಶಕ್ಕೆಲ್ಲ ಮೂರನೇ ಒಂದರಷ್ಟು ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಈಗಲೂ ಇದೆ. ಪಂಚಾಯಿತಿ ಸದಸ್ಯರು ಬಸ್ಸಿಳಿದು ಚೀಲ ಹಿಡಿದು ಅಲ್ಲಿಗೆ ತರಬೇತಿಗೆ ಹೋಗುವುದನ್ನು ಕಂಡಾಗಲೆಲ್ಲ ನನಗೆ ಆ ಎರಡನೆಯ ಅವಧಿ ನೆನಪಾಗುತ್ತದೆ. ಗೆದ್ದವರು ಗೆದ್ದ ಬಲವನ್ನು ಕೆಳಗಿನವರಿಗೆ ಕೊಟ್ಟ ಅವಧಿ ಅದು. ಆ ಸರ್ಕಾರದಲ್ಲಿ ದೋಷಗಳಿರಲಿಲ್ಲ ಎಂದಲ್ಲ. ಈ ಒಂದು ಮಾತನ್ನು ಅದು ನಷ್ಟ ತಾಳಿಕೊಂಡೇ ನಡೆಸಿತು.

ಹುಣಸೂರಿನ ದೇವರಾಜ ಅರಸರೂ 1978ರಲ್ಲಿ ಮತ್ತೆ ಗೆದ್ದವರೇ. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ 1974ರ ಮಾರ್ಚ್ 1ರಿಂದ, ಅವರ ಮೊದಲ ಅವಧಿಯಲ್ಲೇ ಜಾರಿಯಾಗಿತ್ತು. ಗೇಣಿದಾರರ ಅರ್ಜಿಗಳನ್ನು ಭೂನ್ಯಾಯ ಮಂಡಳಿಗಳಲ್ಲಿ ಇತ್ಯರ್ಥ ಮಾಡುವ ದೀರ್ಘ ಕೆಲಸ ಎರಡನೆಯ ಅವಧಿಗೂ ಬಂತು. ಮತ್ತೆ ಗೆದ್ದ ಸರ್ಕಾರಕ್ಕೆ ಹೊಸ ಘೋಷಣೆಗಿಂತ ಹಳೆಯದನ್ನು ಮುಗಿಸುವುದೇ ದೊಡ್ಡ ಕೆಲಸವಾಗಿರುವುದೂ ಉಂಟು.

ಕಬ್ಬಿನ ಲೆಕ್ಕ

ಚಿಕ್ಕಪ್ಪ ಅರ್ಧ ಕಬ್ಬನ್ನು ಕಾರ್ಖಾನೆಗೆ ಕಳಿಸುತ್ತಾರೆ, ಉಳಿದದ್ದನ್ನು ಆಲೆಮನೆಗೆ ಹಾಕುತ್ತಾರೆ. ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯನ್ನು, ಅಂದರೆ ಎಫ್‌ಆರ್‌ಪಿಯನ್ನು, ಪ್ರತಿ ವರ್ಷ ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಇದು ಟನ್‌ಗೆ ಇಷ್ಟು ಎಂಬ ಒಂದೇ ಅಂಕಿಯಲ್ಲ. ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಎಂಬ ಇಳುವರಿಯ ಮೇಲೆ ಬೆಲೆ ನಿಂತಿರುತ್ತದೆ.

2018–19ರ ಹಂಗಾಮಿಗೆ, ಚುನಾವಣೆಯ ಹಿಂದಿನ ವರ್ಷ, ಟನ್‌ಗೆ 2,550 ಇದ್ದದ್ದು 2,750 ಆಯಿತು. ಇನ್ನೂರು ರೂಪಾಯಿ ಏರಿಕೆ ಎಂದು ಸುದ್ದಿಯಾಯಿತು. ಅದರ ಜೊತೆಗೇ ಮೂಲ ಇಳುವರಿಯನ್ನು, ಅಂದರೆ ಪ್ರಕಟಿಸಿದ ಬೆಲೆ ಪೂರ್ತಿ ಸಿಗಲು ಬೇಕಾದ ಇಳುವರಿಯನ್ನು, ಶೇ 9.5ರಿಂದ ಶೇ 10ಕ್ಕೆ ಏರಿಸಿದ್ದರು. ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಯ ಕಾರ್ಖಾನೆಗೆ ಕಬ್ಬು ಕೊಟ್ಟವರಿಗೆ ಸಿಗಬೇಕಾದದ್ದು 2,612.50, ಅಂದರೆ ಏರಿಕೆ ಬರೀ 62.50. ಸರ್ಕಾರ ಮತ್ತೆ ಗೆದ್ದ 2019–20ರಲ್ಲಿ ಬೆಲೆ ಒಂದು ಪೈಸೆಯೂ ಏರಲಿಲ್ಲ. ದೇಶದಲ್ಲಿ ಸಕ್ಕರೆ ದಾಸ್ತಾನು ವಿಪರೀತವಾಗಿತ್ತು ಎಂಬುದೂ ನಿಜ. 2024ರ ಫೆಬ್ರುವರಿಯಲ್ಲಿ, ಮತ್ತೆ ಚುನಾವಣೆ ಹತ್ತಿರವಾದಾಗ, 3,150ರಿಂದ 3,400ಕ್ಕೆ ಏರಿತು. ಈ ಹೊತ್ತಿಗೆ ಮೂಲ ಇಳುವರಿ ಶೇ 10.25 ಆಗಿತ್ತು, ಶೇ 9.5ಕ್ಕಿಂತ ಕೆಳಗಿನವರಿಗೆ 3,151.

ಇಲ್ಲಿ ಮೂರು ಕಡೆಯವರಿದ್ದಾರೆ. ರೈತರಿಗೆ ಬೆಲೆ ಬೇಕು, ಪೇಟೆಯವರಿಗೆ ಸಕ್ಕರೆ ಅಗ್ಗವಾಗಿರಬೇಕು, ಕಾರ್ಖಾನೆ ನಡೆಯಬೇಕು. ಕಾರ್ಖಾನೆ ಸಕ್ಕರೆ ಮಾರುವ ಕನಿಷ್ಠ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿಯಾಯಿತು. 2024ರ ಚುನಾವಣೆ ಮುಗಿದಾಗಲೂ ಅಷ್ಟೇ ಇತ್ತು. ಮಳೆ ಕೈಕೊಟ್ಟ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥನಾಲ್ ಮಾಡುವುದನ್ನು ತಡೆದರು, ಗೆದ್ದ ಮೇಲೆ ಆಗಸ್ಟ್‌ನಲ್ಲಿ ಆ ತಡೆಯನ್ನು ತೆಗೆದರು. ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಚಿಕ್ಕಪ್ಪ ಒಂದು ವರ್ಷದ ಬಾಕಿಗೆ ಐದು ತಿಂಗಳು ಓಡಾಡಿದ್ದಾರೆ. ಬಡ್ಡಿಯ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಮೂವರಲ್ಲಿ ಯಾರನ್ನು ಕಾಯಿಸಿದರೆ ನಡೆಯುತ್ತದೆ ಎಂದು ಎಣಿಸಿದ್ದಾರೆ ಎಂಬುದು ಆ ಐದು ತಿಂಗಳಲ್ಲಿ ನಮಗೆ ತಿಳಿಯಿತು.

2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟ ಮುಂದಿನ ಹಂಗಾಮಿನ ಬೆಲೆ ಪ್ರಕಟಿಸಿತು. ನಾನು ಆಲೆಮನೆಗೆ ಹೋದಾಗ ಚಿಕ್ಕಪ್ಪ ಅಚ್ಚುಗಳಿಗೆ ಪಾಕ ಸುರಿಸುತ್ತಿದ್ದರು. ‘ಟನ್‌ಗೆ 3,550 ಮಾಡಿದ್ದಾರೆ’ ಎಂದೆ. ಹೋದ ವರ್ಷಕ್ಕಿಂತ ನೂರೈವತ್ತು ಹೆಚ್ಚು. ಅವರು ಅಚ್ಚು ತುಂಬುವುದನ್ನು ನಿಲ್ಲಿಸದೆ, ‘ಇಳುವರಿ ಎಷ್ಟಕ್ಕೆ?’ ಎಂದು ಕೇಳಿದರು. ಹತ್ತೂಕಾಲಕ್ಕೆ, ಒಂಬತ್ತೂವರೆಯ ಕೆಳಗಿದ್ದರೆ 3,290.50 ಎಂದು ಹೇಳಿದೆ. ಕೈ ಒರೆಸಿಕೊಂಡು ಬಂದು, ಕಬ್ಬಿನ ತೂಕ ಬರೆದಿಡುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಆ ಎರಡನೆಯ ಅಂಕಿಯನ್ನೇ ಬರೆದುಕೊಂಡರು. ಪಕ್ಕದಲ್ಲಿ ತಾರೀಖು ಹಾಕಿದರು.